ಗಿಡ್ಡಮ್ಮನ ಕೈಗಳು

ಬಿಳಿಚೋಡಿನ ಶಾಲೆಯಲ್ಲಿ ಗಿಡ್ಡಮ್ಮ ಬಳಪ ಹಿಡಿದಾಗಲೆಲ್ಲ ಕಲ್ಲೇಶಪ್ಪ ಮೇಷ್ಟ್ರು ಮುಖ ತಿರುಗಿಸಿಬಿಡುತ್ತಿದ್ದರು. ಎಂಟು ವರ್ಷದ ಹುಡುಗಿ. ಹದಿನಾರರ ಮಗ್ಗಿಯವರೆಗೆ ಗಡಗಡನೆ ಒಪ್ಪಿಸುತ್ತಾಳೆ. ಸ್ಲೇಟಿನ ಮೇಲೆ ಒಂದು 'ಅ' ಬರೆ ಎಂದರೆ ಕೋಳಿ ಕೆದರಿದ ಹಾಗೆ ಗೀಚುತ್ತಾಳೆ. ಲಂಗದ ಲಾಡಿ ಕಟ್ಟಿಕೊಳ್ಳಲಾರಳು, ಕುಂಟಾಬಿಲ್ಲೆಯಲ್ಲಿ ಎರಡು ಮನೆ ದಾಟುವಷ್ಟರಲ್ಲಿ ದಬಕ್ಕನೆ ಬೀಳುತ್ತಾಳೆ. ಜ್ವರವಿಲ್ಲ, ಊನವಿಲ್ಲ. ಅಯ್ಯೋ, ಇಂಥ ಕೈಗಳನ್ನು ಮೇಷ್ಟ್ರು ಮೊದಲೇ ನೋಡಿದ್ದರು!

ಹತ್ತು ವರ್ಷದ ಹಿಂದೆ, ಮೂವತ್ತೆರಡನೇ ಇಸವಿಯಲ್ಲಿ, ಹೊನ್ನಾಳಿಯ ಕಡೆ ಜುಂಜಪ್ಪನೆಂಬ ಹುಡುಗನ ಕೈಗಳೂ ಹೀಗೇ ಇದ್ದವು. ಆಗ ಮೇಷ್ಟ್ರಿಗೆ ಬಿಸಿರಕ್ತ, ಏನು ಜಂಬ, ಏನು ಪೊಗರು! ಸೋಮಾರಿ ಎಂದು ಬೆತ್ತದ ರುಚಿ ತೋರಿಸಿದರು. ಅದಕ್ಕೂ ಬಗ್ಗದಿದ್ದಾಗ ಅವನ ತಾಯಿ ದ್ಯಾಮಮ್ಮನನ್ನು ಕರೆಸಿ, "ಏನೋ ಗಾಳಿ ಸೋಕೈತೆ, ಕೈಗೆ ಬರೆ ಹಾಕಿಸು" ಎಂದರು. ಓದಿದವರ ಮಾತಲ್ಲವೆ? ಆಕೆ ಕಾದ ಕುಡುಗೋಲಿನಿಂದ ಮಗನ ಎರಡೂ ಮುಂಗೈಗೆ ಬರೆ ಎಳೆಸಿದಳು. ಗಾಯ ಕೀವಾಯಿತು. ಹದಿನೈದನೆಯ ದಿನ ಹುಡುಗ ತೀರಿಕೊಂಡ.

ಅಂದಿನಿಂದ ಮೇಷ್ಟ್ರು ಯಾವ ಊರಿಗೆ ವರ್ಗವಾದರೂ ಹಿಂದಿನ ಸಾಲಿನಲ್ಲಿ ಜುಂಜಪ್ಪ ಕೂತಿರುತ್ತಾನೆ. ಹಾಜರಿ ಕೂಗಿ ಮುಗಿದ ಮೇಲೂ ಅವನ ಹೆಸರು ಬಾಯಿಗೆ ಬರುತ್ತದೆ. ಕರೆಯದೆ ಪುಸ್ತಕ ಮುಚ್ಚಿದರೆ, ಅವನು ಸುಟ್ಟ ಕೈ ಎತ್ತಿಕೊಂಡೇ ಇರುತ್ತಾನೆ.

ಒಂದು ಮಂಗಳವಾರ ಗಿಡ್ಡಮ್ಮ ಬರಲಿಲ್ಲ. "ಇವತ್ತು ಆಕಿಗೆ ಬರೆ ಹಾಕ್ತಾರ್ರೀ ಸಾ, ಗಾಳಿ ಬಿಡಿಸಾಕೆ" ಎಂದವು ಮಕ್ಕಳು.

ಮೇಷ್ಟ್ರು ಬರಿಗಾಲಲ್ಲೇ ಓಡಿದರು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದ ಅಜ್ಜಿ ಭೀಮಕ್ಕ ಒಲೆಯ ಮುಂದಿದ್ದಳು. ಕೆಂಡದಲ್ಲಿಟ್ಟ ಕುಡುಗೋಲು ಕೆಂಪಾಗುತ್ತಿತ್ತು. ಗಿಡ್ಡಮ್ಮ ಕಂಬ ತಬ್ಬಿಕೊಂಡಿದ್ದಳು.

"ತೆಗೀರಿ ಅದನ್ನ! ಇದು ಗಾಳಿ ಅಲ್ಲ ಭೀಮಕ್ಕ. ಹುಡುಗಿ ಬುದ್ಧಿ ಚುರುಕೈತೆ, ಕೈಕಾಲು ಅದರ ಮಾತು ಬೇಗ ಕೇಳಲ್ಲ, ಅಷ್ಟೆ. ಮರಳಾಗೆ ದೊಡ್ಡದಾಗಿ ತಿದ್ದಿಸ್ತೀನಿ, ಲೆಕ್ಕ ಬಾಯಾಗೇ ಕೇಳ್ತೀನಿ."

"ನಿಮಗೆ ಹೆಂಗ್ ಗೊತ್ತು? ನೀವೇನು ವೈದ್ಯರೇನ್ರೀ?"

ಬೇರೆ ದಾರಿಯಿರಲಿಲ್ಲ. "ಇಂಥವನೇ ಒಬ್ಬ ಹುಡುಗನ್ನ ನಾನು ಕೊಂದೀನಿ" ಎಂದರು ಮೇಷ್ಟ್ರು. ಯಾರಿಗೂ ಹೇಳದಿದ್ದುದನ್ನು ಒಂದೂ ಬಿಡದೆ ಹೇಳಿದರು.

ಭೀಮಕ್ಕ ಕುಡುಗೋಲು ತೆಗೆದು ಕಲಗಚ್ಚಿನ ನೀರಿಗೆ ಅದ್ದಿದಳು. ಮೊಮ್ಮಗಳನ್ನು ಎಳೆದು ಮಗ್ಗುಲಿಗೆ ಕೂರಿಸಿಕೊಂಡಳು.

"ಗಾಳಿ ಇರ್ಲಿಲ್ಲ ಅಂತ ಆ ತಾಯಿಗೆ ಹೇಳೀರೇನು?"

"ಇಲ್ಲ. ಆಕಿ ಇವತ್ತಿಗೂ, ನನ್ನ ಮಗನ್ನ ಉಳಿಸಾಕೆ ನೋಡಿದ ಪುಣ್ಯಾತ್ಮ ಅಂತಾಳೆ. ಪ್ರತಿ ಸುಗ್ಗಿಗೂ ಹೊಸ ಅವಲಕ್ಕಿ ಕಳಿಸ್ತಾಳೆ."

"ತಿಂತೀರೇನ್ರೀ ಅದನ್ನ?"



"ತಿಂದೀನಿ" ಎಂದರು ಮೇಷ್ಟ್ರು.