ವಿದ್ಯಾವತಿಯ ಫಲಿತಾಂಶ

ಸುರೈಯಾ ತಿಕೋಟಾದಲ್ಲಿ ಬಸ್ಸಿನ ಮೆಟ್ಟಿಲು ಇಳಿಯುತ್ತಲೇ ಫೋನಿನ ಪರದೆಯನ್ನು ಮತ್ತೊಮ್ಮೆ ಒತ್ತಿದಳು. ವಿಶ್ವವಿದ್ಯಾಲಯದ ಫಲಿತಾಂಶದ ಪುಟ ತೆರೆಯಲಿಲ್ಲ. ಚಿಕ್ಕದೊಂದು ಚಕ್ರ ಸುಮ್ಮನೆ ತಿರುಗುತ್ತಿತ್ತು.

"ಕೆಳಗ ನೋಡಿ ಇಳೀರಿ ತಂಗೀ," ಎಂದ ಕಂಡಕ್ಟರ. "ಯಾರ ಮನಿಗೆ?"

"ವಿದ್ಯಾವತಿ ಅಕ್ಕಾರ ಮನಿಗ್ರಿ."

ಅವನು ಬಾಯಲ್ಲಿದ್ದ ಸೀಟಿಯನ್ನು ಕೆಳಗಿಳಿಸಿದ. "ಗಿರಣಿ ಭೀಮಾಶಂಕರ ಅವ್ರ ಮನಿ. ಎಡಕ್ಕ ಹೊಳ್ಳಿ ಹೋಗ್ರಿ, ಭಜನಿ ಕೇಳಸ್ತೈತಿ. ಬಸ್ ಎಷ್ಟ ಕುಲುಕಿದ್ರೂ ಆ ಅಕ್ಕಾರು ಪುಸ್ತಕ ಮುಚ್ಚತಿದ್ದಿಲ್ಲರಿ."

ಅವಳು ರಸ್ತೆ ದಾಟುವವರೆಗೆ ಅವನು ಸೀಟಿ ಊದಲಿಲ್ಲ.

ವಿದ್ಯಾವತಿಗೆ ನಲವತ್ತು ದಾಟಿತ್ತು, ಸುರೈಯಾಗೆ ಇನ್ನೂ ಇಪ್ಪತ್ತೆರಡು. ವಿಜಯಪುರದಲ್ಲಿ ಅನ್ವಯಿಕ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಈ ಇಬ್ಬರ ಹೆಸರೂ ಹಾಜರಿಯಲ್ಲಿ ಹಿಂದೆಮುಂದೆ ಬರುತ್ತಿದ್ದುದರಿಂದ ಪ್ರಯೋಗಾಲಯದಲ್ಲಿ ಒಂದೇ ಟೇಬಲ್ಲು ಸಿಕ್ಕಿತ್ತು. ರಿಜಿಸ್ಟರ್ ನಂಬರಿನಲ್ಲೂ ಕೊನೆಯ ಅಂಕಿ ಮಾತ್ರ ಬೇರೆ. ಇಬ್ಬರಿಗೂ ಪಾಸಾಗದೆ ಉಳಿದ ಪೇಪರು ಕೂಡ ಒಂದೇ, ಕ್ವಾಂಟಮ್ ಮೆಕ್ಯಾನಿಕ್ಸ್. ಅದನ್ನು ಮತ್ತೆ ಕಟ್ಟಿ ಬರೆದಿದ್ದರು. ಅದರ ಫಲಿತಾಂಶ ಈ ಮಧ್ಯಾಹ್ನ ಬರುವುದಿತ್ತು. ನಿನ್ನೆ ಸಂಜೆ ರೊಟ್ಟಿ ಬಡಿಯುತ್ತಿದ್ದ ವಿದ್ಯಾವತಿ ಎದೆ ಹಿಡಿದುಕೊಂಡು ಒಲೆಯ ಮುಂದೆಯೇ ಒರಗಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪಡಸಾಲೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ನಡುವೆ ದೊಡ್ಡ ಕುಂಕುಮ, ಮೈಮೇಲೆ ಹಸಿರು ಇಳಕಲ್ ಸೀರೆ. ಕನ್ನಡಕ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಗಂಡ ಭೀಮಾಶಂಕರನ ಹುಬ್ಬಿನಲ್ಲಿ ಗಿರಣಿಯ ನಿನ್ನೆಯ ಹಿಟ್ಟು ಇನ್ನೂ ಹಾಗೆಯೇ ಇತ್ತು. ಯಾರೂ ಅದನ್ನು ಒರೆಸಿರಲಿಲ್ಲ, ಅವನಿಗೂ ನೆನಪಿರಲಿಲ್ಲ. ಸುರೈಯಾಳನ್ನು ಕಂಡವನೇ ಕೇಳಿದ:

"ಬಂತೇನವಾ?"

"ಇನ್ನೂ ಇಲ್ಲರಿ ಅಣ್ಣಾರ. ಪುಟಾನ ತೆರ್ಯಾವಲ್ದು."

"ನೋಡತಿರವಾ. ಇವತ್ತು ಬರತೈತಿ ಅಂತ ನಿನ್ನಿ ಮುಂಜಾನಿಂದ ಅದ ಮಾತು ಆಡಾಕತ್ತಿದ್ಲು."

ಬಬಲೇಶ್ವರದಿಂದ ಬಂದಿದ್ದ ವಿದ್ಯಾವತಿಯ ಅಣ್ಣ ಸಂಗಣ್ಣ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣುಗಳು ಕೆಂಪಾಗಿದ್ದವು, ದನಿ ಒರಟಾಗಿತ್ತು. "ಭೀಮಾಶಂಕರ, ಮನಿಯಾಗ ಹೆಣ ಇಟಗೊಂಡು ರಿಸಲ್ಟ್ ಕಾಯೂದು ಎಲ್ಲ್ಯರ ಕೇಳೀಯೇನಪಾ? ಹೊತ್ತು ಇಳ್ಯಾಕತ್ತೈತಿ."

"ಕೇಳಿಲ್ಲ ಸಂಗಣ್ಣಾ. ಆದ್ರ ಆಕಿ ಕೇಳಕೊಂಡು ಹೋಗ್ಲಿ. ಮಣ್ಣಾದ ಮ್ಯಾಲ ನಾ ಯಾರಿಗೆ ಹೇಳ್ಲಿ?"

ಮೂಲೆಯಲ್ಲಿ ವಿಭೂತಿ ಗಟ್ಟಿಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದ ಬಸಲಿಂಗಯ್ಯ, ಸಂಸ್ಕಾರ ಮಾಡಿಸಲು ಬಂದ ಅಯ್ಯನವರು, ತಲೆಯೆತ್ತದೆ ಹೇಳಿದರು: "ಹೆಣ್ಮಕ್ಕಳು ಉಡಿ ತುಂಬೂದು ಇನ್ನೂ ಆಗಿಲ್ಲ. ಅವಸರ ಮಾಡಬ್ಯಾಡ್ರಿ, ಸಾವಕಾಶ ತುಂಬ್ಲಿ." ಉಡಿಯ ತಟ್ಟೆ ಆಗಲೇ ಸಿದ್ಧವಾಗಿತ್ತು. ಅವರು ಅದನ್ನು ನೋಡದವರಂತೆ ಮತ್ತೆ ಮೊದಲಿನಿಂದ ಗಟ್ಟಿ ಜೋಡಿಸತೊಡಗಿದರು.

ವಿದ್ಯಾವತಿಯ ಅತ್ತೆ ಕಾಳವ್ವ ತುಸು ಸರಿದು ಸುರೈಯಾಗೆ ಜಾಗ ಮಾಡಿದಳು. "ಇಲ್ಲೆ ಕೂಡ ಬಾ. ನೀ ಆ ರೋಜಾದ ಹುಡುಗಿ ಅಲ್ಲೇನ?"

"ಹೌದ್ರಿ ಆಯಿ."

"ಹ್ವಾದ ವರ್ಸ ಒಂದ ತಿಂಗಳ ಕಟ್ಟಿದ ಬುತ್ತಿ ಕಟ್ಟಿದ್ಹಂಗ ತಿರುಗಿ ಬರತಿತ್ತು. ಯಾಕ ಬೇ ಅಂದ್ರ, 'ಬಾಜೂಕ ಹುಡುಗಿ ರಂಜಾನ್ ರೋಜಾ ಹಿಡದಾಳ, ನಾ ಹ್ಯಾಂಗ ತಿನ್ಲಿ' ಅಂದ್ಲು. ನಾ ಬಾಯಿಗೆ ಬಂದ್ಹಂಗ ಬೈದೆ. ಆ ತಂಗಳ ರೊಟ್ಟಿ ತಿಂದಾಕಿನೂ ನಾನ."

ಸುರೈಯಾಗೆ ಇದು ಗೊತ್ತಿರಲಿಲ್ಲ. ಹೊಟ್ಟೆ ಉರಿಯುತ್ತದೆ, ಮಧ್ಯಾಹ್ನದ ಊಟ ಬಿಟ್ಟಿದ್ದೇನೆ ಎಂದು ಅಕ್ಕ ಹೇಳಿದ್ದಳು. ಅವಳು ಫೋನನ್ನು ಮಡಿಲಲ್ಲಿಟ್ಟು ಮುಖ ಮುಚ್ಚಿಕೊಂಡಳು. ಕಾಳವ್ವ ಆ ಫೋನನ್ನು ಎತ್ತಿ ಮತ್ತೆ ಅವಳ ಕೈಗೆ ಕೊಟ್ಟಳು. "ಅಳಬ್ಯಾಡ. ಮೊದಲ ಅದನ್ನ ನೋಡು."

*

ಮದುವೆಯಾಗಿ ಬಂದ ಮೇಲೆ ವಿದ್ಯಾವತಿ ಊರಿನ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮಕ್ಕಳಾಗಲಿಲ್ಲ. ಆ ಮಾತನ್ನು ಊರು ಹೇಳಿ ಹೇಳಿ ದಣಿದ ಮೇಲೆ, ಒಂದು ದಿನ ಅವಳು ವಿಜಯಪುರಕ್ಕೆ ಹೋಗಿ ಎಂ.ಎಸ್ಸಿ.ಗೆ ಹೆಸರು ಹಚ್ಚಿ ಬಂದಳು.

"ಕೂಸು ಎತ್ತಿಕೊಂಡು ಬಾ ಅಂದ್ರ ಪುಸ್ತಕ ಎತ್ತಿಕೊಂಡು ಬಂದಾಳ ನೋಡ್ರಿ," ಎಂದು ಕಾಳವ್ವ ಗಿರಣಿಗೆ ಬಂದ ಹೆಂಗಸರೆದುರು ಹೇಳಿದಳು. ವಿದ್ಯಾವತಿ ಅತ್ತೆಗೆ ಚಹಾ ಮಾಡಿಕೊಟ್ಟು ಓದಲು ಕೂತಳು.

ಓದಲು ಅವಳು ಆರಿಸಿಕೊಂಡ ಜಾಗ ಗಿರಣಿಯೇ. ಕನ್ನಡದಲ್ಲಿ ಕಲಿತವಳಿಗೆ ಇಂಗ್ಲಿಷಿನ ಉತ್ತರ ನಾಲಿಗೆಗೆ ಒಗ್ಗಬೇಕಿತ್ತು. ಗಿರಣಿಯ ಗದ್ದಲದಲ್ಲಿ ಗಟ್ಟಿಯಾಗಿ ಹೇಳಿಕೊಂಡರೆ ತಪ್ಪು ಯಾರಿಗೂ ಕೇಳಿಸುವುದಿಲ್ಲ. ಜೋಳದ ಚೀಲದ ಮೇಲೆ ಕೂತು ಅವಳು ದಿನವೂ ಹಾಗೆ ಕೂಗಿ ಕೂಗಿ ಕಲಿತಳು. ಒಂದು ಸಂಜೆ ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಗಿರಣಿಯ ಪಟ್ಟಾ ನಿಂತಿತು. ಆ ಮೌನದಲ್ಲಿ ಅವಳ ದನಿಯೊಂದೇ ಉಳಿಯಿತು: "ದೇರ್‌ಫೋರ್, ದಿ ಪಾರ್ಟಿಕಲ್ ಕ್ಯಾನ್ ಬಿ ಫೌಂಡ್ ಔಟ್‌ಸೈಡ್ ದಿ ಬಾಕ್ಸ್..."

"ಟೀಚರ, ಜ್ವಾಳಕ್ಕ ಪಾಠ ಹೇಳಾಕತ್ತೀರೇನ್ರಿ?" ಎಂದು ಯಾರೋ ಕೇಳಿದರು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಹೆಂಗಸರು ಹೊರಗೆ ಗಾಳಿಗೆ ಹೋದ ಮೇಲೆ ಭೀಮಾಶಂಕರ ಕೇಳಿದ: "ಒಮ್ಮೆ ಬಿದ್ದಿ. ಮತ್ತ ಕಟ್ಟೀದಿ. ಪಾಸಾದ್ರ ನಿನಗೇನ ಸಿಗತೈತಿ? ಸಾಲ್ಯಾಗ ಪಗಾರೂ ಹೆಚ್ಚು ಮಾಡೂದಿಲ್ಲ ಅಂತಿ."

ಅವಳು ಪುಟಕ್ಕೆ ಅಂಟಿದ್ದ ಹಿಟ್ಟನ್ನು ಕೊಡವಿದಳು. "ಏನೂ ಸಿಗೂದಿಲ್ಲರಿ. ಇದು ನನಗ ತಿಳದೈತೋ, ಬರೇ ಬಾಯಿಪಾಠ ಮಾಡೀನೋ, ನನಗ ಗೊತ್ತಾಗವಲ್ದು. ಪಾಸಾದ್ರ, ಹೌದು ತಿಳದಿತ್ತು ಅಂತ ಒಮ್ಮೆ ಗೊತ್ತಾಗತೈತಿ. ಅಷ್ಟ."

ಅವನಿಗೆ ಅದು ಪೂರ್ತಿ ಅರ್ಥವಾಗಲಿಲ್ಲ. ಮರುದಿನ ಅವಳು ಬರುವ ಮೊದಲು ಚೀಲದ ಮೇಲೆ ಹಳೆಯ ಕಂಬಳಿಯೊಂದನ್ನು ಮಡಚಿ ಹಾಕಿದ್ದ.

*

ಉಡಿ ತುಂಬುವುದು ಮುಗಿಯುತ್ತ ಬಂದಿತ್ತು. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಕಣದ ಬಟ್ಟೆಯನ್ನು ವಿದ್ಯಾವತಿಯ ಸೆರಗಿಗೆ ಹಾಕಿ ಹಣೆ ಮುಟ್ಟುತ್ತಿದ್ದರು. ಹೊರಗೆ ಅವಳನ್ನು ಕೂರಿಸಿ ಒಯ್ಯುವ ವಿಮಾನಕ್ಕೆ ಚೆಂಡುಹೂವು ಕಟ್ಟಿ ಮುಗಿದಿತ್ತು. ಸಂಗಣ್ಣ ಮೂರನೆಯ ಸಲ ಒಳಗೆ ಬಂದ.

ಅಷ್ಟರಲ್ಲಿ ಪುಟ ತೆರೆಯಿತು. ನಂಬರಿನ ಚೌಕದಲ್ಲಿ ಫೋನು ತಾನೇ ನಂಬರನ್ನು ತುಂಬಿಟ್ಟಿತ್ತು. ಸುರೈಯಾ ಬೆರಳೊತ್ತಿದಳು. ಅರ್ಧ ಪುಟವಷ್ಟೇ ಬಂತು. ಕ್ವಾಂಟಮ್ ಮೆಕ್ಯಾನಿಕ್ಸ್ ಎಂಬ ಸಾಲು, ಸಾಲಿನ ಕೊನೆಯಲ್ಲಿ ಫೇಲ್. ಮತ್ತೆ ನೆಟ್‌ವರ್ಕ್ ಹೋಯಿತು.

ಅವಳು ತಲೆಯೆತ್ತಿದಾಗ ಭೀಮಾಶಂಕರ ಅವಳ ಮುಖವನ್ನೇ ನೋಡುತ್ತಿದ್ದ.

"ಆಗಿಲ್ಲೇನು?"

"ಅಣ್ಣಾರ..." ಎಂದಳು. ದುಪಟ್ಟಾದ ತುದಿಯಿಂದ ಕಣ್ಣು ಒತ್ತಿಕೊಂಡಳು.

"ಇರ್ಲಿ ಬಿಡವಾ. ನೀ ಯಾಕ ಅಳತಿ? ನಿಂದೇನ ತಪ್ಪೈತಿ?"

ಅವನು ಹೆಂಡತಿಯ ಕಡೆ ತಿರುಗಿದ. ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿ, ಬಾಯಿ ಹತ್ತಿರ ಒಯ್ದು, ಪಕ್ಕದವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದ: "ಈ ಸಲಾನೂ ಆಗಿಲ್ಲಂತ. ಇರ್ಲಿ, ಇನ್ನೊಮ್ಮೆ ಕಟ್ಟೂಣಂತ. ಬಸ್‌ಸ್ಟ್ಯಾಂಡಿಗೆ ನಾ ಬಿಡ್ತೀನಿ."

ಆಮೇಲೆ ಅವನಿಂದ ಏಳಲಾಗಲಿಲ್ಲ. ಅಷ್ಟು ಹೊತ್ತು ಅವಸರ ಮಾಡುತ್ತಿದ್ದ ಸಂಗಣ್ಣನೇ ಬಂದು ಅವನ ಎರಡೂ ರಟ್ಟೆ ಹಿಡಿದು ಎಬ್ಬಿಸಿದ.

*

ವಿಮಾನ ಓಣಿ ತಿರುಗಿತು. ತಾಳದ ಸದ್ದು ದೂರವಾಯಿತು. ಸುರೈಯಾಳ ಮನೆಯಲ್ಲಿ ಹೆಂಗಸರು ಕಬರಸ್ಥಾನಕ್ಕೆ ಹೋಗುವ ರೂಢಿ ಇರಲಿಲ್ಲ. ಇಲ್ಲಿ ಬಾ ಎಂದೋ ಬೇಡ ಎಂದೋ ಯಾರೂ ಹೇಳಲಿಲ್ಲ, ಅವಳು ಕಟ್ಟೆಯ ಮೇಲೆಯೇ ಉಳಿದಳು. ಒಳಗೆ ಪಡಸಾಲೆಗೆ ನೀರು ಹಾಕಿ ತೊಳೆಯುತ್ತಿದ್ದರು. ಪಕ್ಕದ ಮನೆಯ ಸೌಭಾಗ್ಯ ಚಹಾ ತಂದುಕೊಟ್ಟಳು.

"ಕುಡಿ ತಂಗೀ. ಮುಂಜಾನಿಂದ ಏನೂ ತಿಂದಿಲ್ಲ ಅನಸ್ತೈತಿ. ನೀನೂ ಅದ ಪರೀಕ್ಷೆ ಬರದಿದ್ದಿಯಲ್ಲ, ನಿಂದೇನಾತು?"

"ನೋಡಿಲ್ಲರಿ."

"ನೋಡವಾ ಮತ್ತ. ನಿಮ್ಮವ್ವನೂ ದಾರಿ ಕಾಯಾಕತ್ತಿರ್ತಾಳ."

ಸುರೈಯಾ ಪುಟ ತೆರೆದಳು. ತನ್ನ ನಂಬರ್ ಬರೆಯಲು ಹೋದರೆ ಚೌಕದಲ್ಲಿ ಆಗಲೇ ಒಂದು ನಂಬರಿತ್ತು. ಅಳಿಸಲು ಬೆರಳಿಟ್ಟವಳು ತಡೆದಳು. ಒಂದೊಂದೇ ಅಂಕಿ ಓದಿದಳು. ಕೊನೆಯ ಅಂಕಿ ತನ್ನದೇ. ಹಿಂದಿನ ಸಲದ ಫಲಿತಾಂಶ ನೋಡಲು ತಾನೇ ಬರೆದಿದ್ದ ನಂಬರನ್ನು ಫೋನು ನೆನಪಿಟ್ಟುಕೊಂಡಿತ್ತು. ಒತ್ತಿದಳು. ಈ ಸಲ ಪುಟ ಪೂರ್ತಿ ಬಂತು. ಮೇಲೆ ಸುರೈಯಾ ಎಂಬ ಹೆಸರು, ಕೆಳಗೆ ಅದೇ ಸಾಲು, ಅದೇ ಫೇಲ್.

ಕೊನೆಯ ಅಂಕಿಯನ್ನು ಅಳಿಸಿ ಅಕ್ಕನದನ್ನು ಬರೆದಳು. ವಿದ್ಯಾವತಿ. ಕ್ವಾಂಟಮ್ ಮೆಕ್ಯಾನಿಕ್ಸ್. ಪಾಸ್.

"ಅಕ್ಕಾ, ಮಣ್ಣು ಮಾಡೂದು ಯಾವ ಕಡೆರಿ?"

"ಕೆರಿ ದಾರಿಗೆ... ಯಾಕ, ಏನಾತು?"

ಚಹಾದ ಲೋಟ ಕಟ್ಟೆಯ ಮೇಲೆ ಉರುಳಿತು. ಸುರೈಯಾ ಆಗಲೇ ಓಡುತ್ತಿದ್ದಳು. ಬೀಗ ಹಾಕಿದ ಗಿರಣಿ ದಾಟಿತು, ದ್ರಾಕ್ಷಿ ತೋಟದ ತಂತಿಬೇಲಿ ದಾಟಿತು. ಚಪ್ಪಲಿಯ ಪಟ್ಟಿ ಹರಿಯಿತು, ಅದನ್ನು ಅಲ್ಲೇ ಬಿಟ್ಟಳು. ದುಪಟ್ಟಾ ಹೆಗಲಿಂದ ಜಾರಿ ಮಣ್ಣಿನಲ್ಲಿ ಎಳೆಯುತ್ತಿತ್ತು.

ರುದ್ರಭೂಮಿಯಲ್ಲಿ ಜನ ಗುಣಿಯ ಸುತ್ತ ನಿಂತಿದ್ದರು. ಗುಣಿಯೊಳಗೆ ವಿದ್ಯಾವತಿ ಕೂತಿದ್ದಳು. ಸುತ್ತ ವಿಭೂತಿ, ಮೇಲೆ ಬಿಲ್ವಪತ್ರೆ. ಭೀಮಾಶಂಕರ ಮೊದಲ ಹಿಡಿ ಮಣ್ಣು ಹಾಕಿಯಾಗಿತ್ತು. ಉಳಿದವರು ಬಗ್ಗಿ ಮಣ್ಣು ಎತ್ತಿಕೊಳ್ಳುತ್ತಿದ್ದರು.

"ತಡೀರಿ! ಅಣ್ಣಾರ, ತಡೀರಿ!"

ಎಲ್ಲರೂ ತಿರುಗಿದರು. ಸುರೈಯಾ ಬಾಗಿಲ ಕಲ್ಲುಕಂಬದ ಹತ್ತಿರ ಬಂದು ನಿಂತಳು, ಒಳಗೆ ಹೆಜ್ಜೆ ಇಡಬಹುದೋ ಇಲ್ಲವೋ ಎಂದು. ಉಸಿರು ಸಿಗುತ್ತಿರಲಿಲ್ಲ.

"ಅಕ್ಕ ಪಾಸಾಗ್ಯಾರ್ರಿ. ನಾ ಮೊದಲ ನೋಡಿದ್ದು ನನ್ನ ನಂಬರ್ರಿ. ಫೋನಿನ್ಯಾಗ ನಂದ ತುಂಬಿತ್ತು, ನಾ ನೋಡಲಿಲ್ಲ. ಫೇಲಾದಾಕಿ ನಾನ್ರಿ, ಅಕ್ಕ ಅಲ್ಲ."

ಭೀಮಾಶಂಕರ ಅಲುಗಾಡದೆ ನಿಂತ. ಆಮೇಲೆ ಗುಣಿಯ ಕಡೆ ನೋಡಿದ, ತಾನು ಹಾಕಿದ ಮಣ್ಣಿನ ಕಡೆ ನೋಡಿದ. "ನಾ ಆಗಿಲ್ಲ ಅಂತ ಹೇಳೀನಲ್ಲವಾ," ಎಂದ. "ಆಕಿ ಹಂಗಂತ ತಿಳಕೊಂಡಾಳಲ್ಲ."

"ಏ, ನಿಲ್ಲಸ್ರೋ!" ಕಾಳವ್ವನ ದನಿ ಇಡೀ ಬಯಲಿಗೆ ಕೇಳಿಸಿತು. "ಯಾರೂ ಮಣ್ಣು ಹಾಕಬ್ಯಾಡ್ರಿ. ಇಂವಾ ನನ್ನ ಸೊಸಿಗೆ ತಪ್ಪು ಹೇಳ್ಯಾನ. ಹೋಗೋ, ಸರಿಯಾಗಿ ಹೇಳಿ ಬಾ."

ಸಂಗಣ್ಣ ಅಯ್ಯನವರ ಮುಖ ನೋಡಿದ. ಒಮ್ಮೆ ಮಣ್ಣು ಬಿದ್ದ ಮೇಲೆ ಗುಣಿಗೆ ಇಳಿಯುವುದು ಯಾರೂ ಕಂಡಿದ್ದಲ್ಲ. ಬಸಲಿಂಗಯ್ಯ ಗುಣಿಯ ಅಂಚಿನಲ್ಲಿದ್ದ ತಮ್ಮ ತಂಬಿಗೆಯನ್ನು ಎತ್ತಿಕೊಂಡು ಬದಿಗೆ ಸರಿದರು.

"ಇಳಿಯಪಾ. ಹುಷಾರು."

ಸಂಗಣ್ಣ ಕೈ ಕೊಟ್ಟ. ಭೀಮಾಶಂಕರ ಇಳಿದು, ಹೆಂಡತಿಯ ಎದುರು ಮೊಣಕಾಲೂರಿ, ಅವಳ ಕಿವಿಯ ಬಳಿಯ ಪತ್ರೆಗಳನ್ನು ಒಂದೊಂದಾಗಿ ತೆಗೆದ. ಅಲ್ಲಿಂದ ಬರುವ ಪಿಸುದನಿ ಮೇಲಿದ್ದವರಿಗೆ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಪಾಸಾದೆ ಎಂದು ಹೇಳಲು ಬೇಕಾದುದಕ್ಕಿಂತ ತುಂಬ ಹೊತ್ತು ಅವನು ಮಾತಾಡುತ್ತಲೇ ಇದ್ದ.

ಕಾಳವ್ವ ನಿಧಾನವಾಗಿ ನಡೆದು ಕಲ್ಲುಕಂಬದ ಹತ್ತಿರ ಬಂದಳು.

"ನೀ ಬಿದ್ದಿಯೇನವ್ವಾ?"

ಸುರೈಯಾ ತಲೆಯಾಡಿಸಿದಳು. ಅಷ್ಟು ಹೊತ್ತು ತಡೆದಿದ್ದ ಅಳು ಈಗ ಒಡೆಯಿತು. ಕಾಳವ್ವನ ಬಲಗೈಯಲ್ಲಿ ಸೊಸೆಗೆ ಹಾಕಬೇಕಾದ ಮಣ್ಣು ಇನ್ನೂ ಹಾಗೆಯೇ ಇತ್ತು. ಆಕೆ ಎಡಗೈಯಿಂದ ಹುಡುಗಿಯ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಗುಣಿಯ ಸುತ್ತ ಜನ ಮುಷ್ಟಿ ಕಟ್ಟಿ ನಿಂತೇ ಇದ್ದರು. ಬೆರಳುಗಳ ಸಂದಿಯಿಂದ ಕರಿಮಣ್ಣು ಚೂರುಚೂರಾಗಿ ಅವರವರ ಪಾದದ ಮೇಲೆ ಉದುರುತ್ತಿತ್ತು. ಯಾರೂ ಮುಷ್ಟಿ ಬಿಚ್ಚಲಿಲ್ಲ.