ಶುಕ್ರವಾರ ಹೊರಟ ಮನೆಮಗಳು

ನಾಲ್ಕು ದಿನ ಇದ್ದು ಬರೋಣ ಎಂದು ಬಿಜ್ಜರಗಿಯ ತಮ್ಮನ ಮನೆಗೆ ಹೋದ ರುದ್ರವ್ವ ಹತ್ತನೆಯ ದಿನವೂ ಅಲ್ಲೇ ಇದ್ದಳು. ಶನಿವಾರ ಹೊರಟರೆ ಅಮಾವಾಸ್ಯೆ ಅಡ್ಡ ಬಂತು. ಮಂಗಳವಾರ ಮನೆಮಗಳನ್ನು ಕಳಿಸುವಂತಿಲ್ಲ. ಬುಧವಾರ ಅವಳು ಬಂದು ಒಂಬತ್ತನೆಯ ದಿನ, ಅವತ್ತಂತೂ ಹೊಸಿಲು ದಾಟಲೇಬಾರದು. ಉಳಿದ ದಿನಗಳಲ್ಲಿ ತಮ್ಮನ ಹೆಂಡತಿ ನಿರ್ಮಲಾ ಬೆಳಗಾಗುವುದರೊಳಗೆ ಹೋಳಿಗೆಗೆ ಬೇಳೆ ಬೇಯಲಿಟ್ಟಿರುತ್ತಿದ್ದಳು. ಪಂಚಾಂಗ ಬರೆದವನೂ ಇವರ ಜೊತೆ ಶಾಮೀಲಾಗಿದ್ದಾನೆಂದು ರುದ್ರವ್ವನಿಗೆ ಅನುಮಾನ.

ಪ್ರೀತಿಗೇನೂ ಕಡಿಮೆಯಿರಲಿಲ್ಲ, ಕಷ್ಟವಾಗಿದ್ದೇ ಅದು. ಕಟ್ಟೆಯ ಮೇಲೆ ಕೂತರೆ "ಪಾಪ, ಒಬ್ಬಾಕಿ" ಎಂದು ಯಾರಾದರೂ ಪಕ್ಕಕ್ಕೆ ಬಂದು ಕೂರುತ್ತಿದ್ದರು. ದ್ರಾಕ್ಷಿ ತೋಟದ ಕಡೆ ಹೊರಟರೆ ನಿರ್ಮಲಾ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬರುತ್ತಿದ್ದಳು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ "ಯಾಕ್ರೀ ಅಕ್ಕಾರ, ನಿದ್ದಿ ಹತ್ತವಲ್ದೇನು?" ಎಂಬ ವಿಚಾರಣೆ.

ವಿಜಯಪುರದ ಜೋರಾಪುರ ಪೇಟೆಯ ತನ್ನ ಒಂದೇ ಖೋಲಿಯ ಮನೆ ನೆನೆಸಿಕೊಂಡು ರುದ್ರವ್ವ ಕೂತಲ್ಲಿ ಕೂರಲಾರದೆ ಒದ್ದಾಡಿದಳು. ಗಂಡ ಹೋಗಿ ಹದಿನಾಲ್ಕು ವರ್ಷ, ಮಕ್ಕಳಿಲ್ಲ. ಮೊದಲ ವರ್ಷ ಅತ್ತಳು, ಎರಡನೆಯ ವರ್ಷ ಬೇಸರಪಟ್ಟಳು. ಆಮೇಲೊಂದು ಮಧ್ಯಾಹ್ನ ಕಡಕ್ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಮೊಸರು ಕಲಸಿಕೊಂಡು ಕಾಲು ಚಾಚಿ ತಿನ್ನುವಾಗ, ತಾನು ಸುಖವಾಗಿದ್ದೇನೆಂದು ಗೊತ್ತಾಗಿ ಗಾಬರಿಬಿದ್ದಳು. ಅದನ್ನು ಬಾಯಿಬಿಟ್ಟು ಹೇಳುವುದುಂಟೆ? ತಮ್ಮ ಮಲಕಾಜಪ್ಪ ನೋಡಲು ಬಂದಾಗಲೆಲ್ಲ "ಒಬ್ಬಾಕಿ ನೋಡಪಾ, ಹೆಂಗೋ ನಡದೈತಿ" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಆ ಭೋಳೇ ಮನುಷ್ಯ ಅದನ್ನು ಪೂರ್ತಿ ನಂಬಿಬಿಟ್ಟಿದ್ದ.

ಗುರುವಾರ ಊಟಕ್ಕೆ ಕೂತಾಗ ಅವನು ಹೇಳಿಯೇಬಿಟ್ಟ: "ಈ ತಿಂಗಳ ಕಡೀಕ ಖೋಲಿ ಖಾಲಿ ಮಾಡೂಣು. ಸಾಮಾನು ತರಾಕ ಟಂಟಂ ಗಾಡಿಯಾವಗ ಹೇಳೇನಿ."

ಮರುದಿನ ಬೆಳಿಗ್ಗೆ ರುದ್ರವ್ವ ಚೀಲ ಹಿಡಿದು ಬಾಗಿಲಲ್ಲಿ ನಿಂತಳು.

"ಅಕ್ಕಾ, ಇವತ್ತ ಶುಕ್ರವಾರ! ಮನಿಮಗಳು ಹೊಂಟ್ರ ಲಕ್ಷ್ಮಿನೂ ಹೋಗ್ತಾಳ."

"ಹೋಗ್ಲಿ ಬಿಡೋ, ಆಕಿಗೂ ಸಾಕಾಗಿರಬೇಕು."

ಮಲಕಾಜಪ್ಪ ನಗಲಿಲ್ಲ. "ಅಲ್ಲಿ ಯಾರದಾರ ನಿನಗ?"

"ಯಾರೂ ಇಲ್ಲ. ಅದಕ್ಕ ನಾ ಆರಾಮ ಅದೇನಿ. ಖೋಲಿ ಬಿಡಂಗಿಲ್ಲ."

ತಮ್ಮನ ಮುಖ ಸಣ್ಣದಾಯಿತು. ಅವನು ಮೋಟರ್ ಸೈಕಲ್ ಹೊರಗೆ ತೆಗೆದ. ಟಿಕೋಟಾ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ತಿರುಗಿ ನೋಡದೆ ಓಡಿಸಿದ. ಖೋಲಿ ಉಳಿಸಿಕೊಳ್ಳಲು ಹೋಗಿ ಒಡಹುಟ್ಟಿದವನನ್ನು ಕಳೆದುಕೊಂಡೆನೇನೋ ಎಂದು ಹಿಂದೆ ಕೂತ ರುದ್ರವ್ವನಿಗೆ ದಾರಿಯುದ್ದಕ್ಕೂ ಸಂಕಟ.

ವಿಜಯಪುರದ ಬಸ್ಸು ಬಂತು. ಅವಳು ಹತ್ತಿ ಕೂತ ಮೇಲೆ ಅವನು ಕಿಟಕಿಯ ಹತ್ತಿರ ಬಂದ.

"ಮತ್ತ ಇಷ್ಟು ವರ್ಸ ನನ್ನ ಮುಂದ ಹಂಗ್ಯಾಕ ಹೇಳ್ಕೋತ ಬಂದಿ?"

"ಆರಾಮ ಅದೇನಿ ಅಂದಿದ್ರ ನೀ ಬರೂದು ಬಿಡ್ತಿದ್ದಿ."

ಮಲಕಾಜಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿದಾಗ ಅವನು ಅದರ ಜೊತೆ ನಾಲ್ಕು ಹೆಜ್ಜೆ ಓಡಿ ಕೂಗಿದ: "ಸೋಮಾರ ಬರ್ತೇನಿ, ಅಕ್ಕಾ! ರಾತ್ರಿ ವಸ್ತಿ ಇರಂಗಿಲ್ಲ!"