ಬಾಲ್ಕನಿ ಬಾಗಿಲಿಗೆ ಪಂಜರ

ನಾಟಕದ ರಾಣಿಯರಿಗೆ ಹೊರಗಿನ ರೇಷ್ಮೆ ಹೊಲಿಯುವವರು ಬೇರೆ ಇದ್ದರು. ಒಳಗಿನದನ್ನೆಲ್ಲ ಹೊಲಿದು ಒಗೆದು ಕೊಡುವುದು ಮಹಡಿ ಮನೆಯ ಕಿರಿ ಸೊಸೆಯ ಪಾಲು. ಹಿಂದಿನ ಕಾಲದ ವಿಲಾಯಿತಿ ಹೆಂಗಸರು ತೊಡುತ್ತಿದ್ದ ಮೊಣಕಾಲುದ್ದದ ಒಳಂಗಿ, ಬೆನ್ನ ಮೇಲೆ ದಾರ ಬಿಗಿಯುವ ಎದೆಕಟ್ಟು, ಒಳಲಂಗ, ಆಮೇಲೆ ಲಂಗ ಉಬ್ಬಿ ನಿಲ್ಲಲೆಂದು ಉಕ್ಕಿನ ಬಳೆಗಳನ್ನು ಪಟ್ಟಿಗಳಲ್ಲಿ ಪೋಣಿಸಿದ ದೊಡ್ಡ ಗೂಡು. ಆ ಗೂಡಿಗೆ ಮನೆಮಂದಿಯೆಲ್ಲ ಪಂಜರ ಎನ್ನುತ್ತಿದ್ದರು.

ಗಂಜಿ ಹಾಕಿದ ಬಟ್ಟೆಗೆ ಬಿಸಿಲು ಬೇಕೇ ಬೇಕು. ಬಿಸಿಲು ಬೀಳುವುದು ಬೀದಿ ಕಡೆಯ ಬಾಲ್ಕನಿಗೆ ಮಾತ್ರ. ಅವಳು ಅಲ್ಲಿ ಹರವಿದ್ದನ್ನು ಕಂಡು ಕಟ್ಟಡದ ಸೆಕ್ರೆಟರಿ ಹೋಗಿ ಅವಳ ಭಾವನ ಕಿವಿ ಊದಿದ. ಭಾವ ಊಟಕ್ಕೆ ಕೂತಾಗ ಮುಖ ಗಂಟಿಕ್ಕಿಕೊಂಡು, "ಹೆಂಗಸರ ಒಳಬಟ್ಟೆ ಬೀದಿಗೆ ಹರವೋದು ಬೇಡಮ್ಮ. ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?" ಎಂದರು.

ಹಿರಿಯರ ಮಾತು ಎಂದುಕೊಂಡು ಅವಳು ಬಚ್ಚಲಲ್ಲೇ ಹರವಿದಳು. ಗಂಜಿ ಹುಳಿತು ನಾರಿತು, ಒಳಲಂಗಗಳ ತುಂಬ ಬೂಸಲಿನ ಚುಕ್ಕೆ ಎದ್ದಿತು. ನಾಟಕದವರು ಒಯ್ಯುವ ದಿನ ಹತ್ತಿರ ಬಂದಿತ್ತು. ಚುಕ್ಕೆ ಬಿಡಿಸಲು ತಿಕ್ಕಿ ತಿಕ್ಕಿ ಬೆರಳು ಸುಲಿಯಿತು, ತಿಕ್ಕುತ್ತ ತಿಕ್ಕುತ್ತಲೇ ಸಿಟ್ಟು ನೆತ್ತಿಗೇರಿತು. ಬೆಳಿಗ್ಗೆ ಅಷ್ಟನ್ನೂ ಬೀದಿಗೆ ಎದ್ದು ಕಾಣುವಂತೆ ಬಾಲ್ಕನಿಯಲ್ಲಿ ಹರವಿದಳು.

ಹೊತ್ತೇರುವ ಮೊದಲೇ ಸೆಕ್ರೆಟರಿ ಧುಮುಗುಡುತ್ತ ಮೆಟ್ಟಿಲೇರಿ ಬಂದ. ಅವನ ಹಿಂದೆ ಭಾವ.

"ಬಚ್ಚಲಲ್ಲಿ ಹಾಕಿ ನೋಡಿದೆ ಭಾವ, ಹಾಳಾಯ್ತು. ಇವತ್ತು ಮಾತ್ರ ತೆಗೆಯಲ್ಲ," ಎಂದಳು.

"ನೀವು ತೆಗೀದಿದ್ರೆ ನಾನೇ ಕಿತ್ತು ಹಾಕ್ತೀನಿ," ಎಂದು ಸೆಕ್ರೆಟರಿ ಬಾಲ್ಕನಿಯತ್ತ ನುಗ್ಗಿದ.

ಅವಳಿಗೆ ಏನು ತೋಚಿತೋ, ಗೋಡೆಯ ಮೊಳೆಯಿಂದ ಪಂಜರ ಎಳೆದು, ಉಟ್ಟ ಬಟ್ಟೆಯ ಮೇಲೇ ತಲೆಯಿಂದ ಇಳಿಬಿಟ್ಟುಕೊಂಡಳು. ಸೊಂಟಕ್ಕೆ ದಾರ ಬಿಗಿಯುತ್ತ ಹೋಗಿ ಬಾಲ್ಕನಿ ಬಾಗಿಲಿಗೆ ಅಡ್ಡ ನಿಂತಳು. ಬಳೆಗಳು ಎರಡೂ ಬದಿಯ ಚೌಕಟ್ಟಿಗೆ ತಾಗಿದವು. ಸೆಕ್ರೆಟರಿ ಬಲಕ್ಕೆ ಸರಿದ. ಪಂಜರವೂ ಬಲಕ್ಕೆ ತೂಗಿತು. ಎಡಕ್ಕೆ ಬಂದ, ಅಲ್ಲೂ ಅದೇ.

"ತಳ್ಳಿಕೊಂಡು ಹೋಗಿ ಸ್ವಾಮಿ. ಇದೂ ಒಳಬಟ್ಟೆನೇ, ಮುಟ್ತೀರಾ?"

ಅವನು ಚಾಚಿದ್ದ ಕೈ ಬೆಂಕಿ ತಾಗಿದಂತೆ ಹಿಂದಕ್ಕೆ ಹೋಯಿತು.

"ಕೆಳಗಿನ ಬಾಲ್ಕನೀಲಿ ತೂತು ಬಿದ್ದ ಬನಿಯನ್ ನೇತಾಡ್ತಿದ್ಯಲ್ಲ, ಯಾರದ್ದು?"

"ಅದು... ನಂದು."

"ಅದನ್ನ ನೋಡಿ ಬೀದಿಯವರ ಮಾನ ಹೋಗಲಿಲ್ವಾ?"

ಅಡುಗೆಮನೆಯಿಂದ ಅತ್ತೆ ಕಿಸಕ್ಕನೆ ನಕ್ಕರು. ಭಾವ ತಿರುಗಿ ತಾಯಿಯನ್ನು ದುರುಗುಟ್ಟಿ ನೋಡಿದರು. "ನನ್ನನ್ನೇನು ನೋಡ್ತೀಯೋ? ಬಿಸಿಲಿರೋವಾಗಲೇ ಒಣಗಲಿ ಬಿಡು," ಎಂದರು ಅತ್ತೆ. ಸೆಕ್ರೆಟರಿ ಗೊಣಗುತ್ತ ಇಳಿದು ಹೋದ.

ಅವನು ಮತ್ತೆ ಬಂದರೆ ಎಂದು ಅವಳು ಅಲುಗಲಿಲ್ಲ. ಅತ್ತೆ ಹತ್ತಿರ ಬರಲಾಗದೆ, ಬಳೆಗಳ ಮೇಲಿಂದ ಬಗ್ಗಿ ಟೀ ಲೋಟ ಚಾಚಿದರು. ಸಂಜೆ ಬಟ್ಟೆಗಳು ಹಪ್ಪಳದಂತೆ ಗರಿಗರಿಯಾಗಿದ್ದವು.

ಭಾವ ಬಹಳ ದಿನ ಮಾತು ಬಿಟ್ಟರು. ಅವಳೂ ಮೇಲೆ ಬಿದ್ದು ಮಾತಾಡಿಸಲಿಲ್ಲ. ಮುಂದಿನ ಒಗೆತಕ್ಕೆ ಬಾಲ್ಕನಿಯಲ್ಲಿ ಇನ್ನೊಂದು ಹಗ್ಗ ಕಟ್ಟಿದಳು. ಸ್ಟೂಲು ಅಲುಗದಂತೆ ಹಿಡಿದುಕೊಂಡವರು ಅತ್ತೆ.